ಬಿಪಿ ನೋಡಿ ಹೋದರೆ ಸಾಕೇ?

ಕುಮಟಾದ ಓದುಗರೊಬ್ಬರ ಪ್ರಶ್ನೆ: ಆರೋಗ್ಯ ಇಲಾಖೆಯವರು ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಇದರಿಂದ ಊರಿಗೆ ಗುಣವಾಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಎಷ್ಟು ಮನೆಗೆ ಹೋದರು ಎಂಬ ಲೆಕ್ಕ ವರದಿಗೆ ಚೆಂದ, ಅಷ್ಟೇ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ 30 ದಾಟಿದವರನ್ನು ಮನೆಯಲ್ಲೇ ತಪಾಸಣೆ ಮಾಡುತ್ತದೆ. ಪತ್ತೆಯಾದವರಲ್ಲಿ ಈಗ ಎಷ್ಟು ಮಂದಿಯ ಬಿಪಿ 140/90ರ ಒಳಗಿದೆ ಎಂದು ಕೇಳಿ. ಔಷಧ ಬಿಟ್ಟವರನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು. ಮರುತಪಾಸಣೆಗೆ ಸಿಕ್ಕವರನ್ನಷ್ಟೇ ಎಣಿಸಿದರೆ ಫಲಿತಾಂಶ ತಾನಾಗಿ ಹೊಳೆಯುತ್ತದೆ.

ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊನ್ನಾವರದ ಬೋಟಿನವರು ಆಗ ಮನೆಯಲ್ಲಿ ಸಿಗುತ್ತಾರೆ. ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ ಮಾತ್ರೆ ತಲುಪಿಸುವವರು ಯಾರು? ಭಟ್ಕಳದಲ್ಲಿ ಗಲ್ಫಿಗೆ ದುಡಿಯಲು ಹೋದವರು ಸಿಗುವುದು ರಜೆಯಲ್ಲಷ್ಟೇ. ಹಾಗಾಗಿ ಮಳೆಗಾಲದ ಅಂಕಿಯನ್ನು ಮಳೆಗಾಲದ ಜೊತೆಗೇ ಹೋಲಿಸಬೇಕು.

ಒಂದು ದಿನ ಏರಿದ್ದ ಬಿಪಿ ಮರುಸಲ ಅಳೆದಾಗ ತಾನೇ ತುಸು ಇಳಿದಿರುವುದೂ ಉಂಟು. ಆ ಶ್ರೇಯ ಯೋಜನೆಯ ಪಾಲಾಗಬಾರದು. ಮಾತ್ರೆ ತಲುಪಿಸುವಂಥ ಹೊಸ ಕ್ರಮವನ್ನು ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲ್ಲೂಕುಗಳ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೊದಲು, ಉಳಿದವುಗಳಲ್ಲಿ ಕೆಲ ತಿಂಗಳ ಬಳಿಕ ಆರಂಭಿಸಿದರೆ, ಕಾಯುತ್ತಿರುವ ಕೇಂದ್ರಗಳೇ ಹೋಲಿಕೆಗೆ ಒದಗುತ್ತವೆ. ಯಾವುದು ಮೊದಲು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಿ, ಶಿಫಾರಸು ಪತ್ರ ನೋಡಿ ಅಲ್ಲ.