ದವಡೆಯ ಶಸ್ತ್ರಚಿಕಿತ್ಸೆ: ವಿಡಿಯೋಗಳು ಹೇಳದೆ ಬಿಡುವ ಸಂಗತಿಗಳು

ಮೇಲುಕೆಳಗಿನ ಹಲ್ಲುಗಳು ಒಂದಕ್ಕೊಂದು ಕೂಡದಿದ್ದರೆ ಜೋಳದ ರೊಟ್ಟಿಯನ್ನು ಕಚ್ಚಿ ಅಗಿಯುವುದೂ ಪ್ರಯಾಸವೇ. ಆದ್ದರಿಂದ ಕೆಳದವಡೆ ಮುಂಚಾಚಿರುವುದು, ಮುಖ ಒಂದು ಮಗ್ಗುಲಿಗೆ ವಾಲಿರುವುದು ಬರಿಯ ಅಂದಚಂದದ ಪ್ರಶ್ನೆಯಲ್ಲ. ತಂತಿ ಕಟ್ಟಿದರಷ್ಟೇ ಸರಿಹೋಗದ ದೋಷಕ್ಕೆ ದವಡೆಯ ಎಲುಬನ್ನು ಕತ್ತರಿಸಿ, ಯೋಗ್ಯ ಸ್ಥಾನಕ್ಕೆ ಸರಿಸಿ, ಟೈಟೇನಿಯಂ ಪಟ್ಟಿಗಳಿಂದ ಬಿಗಿಯುವ ಶಸ್ತ್ರಚಿಕಿತ್ಸೆಯುಂಟು. 1950ರ ದಶಕದಲ್ಲಿ ಹ್ಯೂಗೊ ಓಬ್ವೆಗೆಸರ್ ಎಂಬ ವೈದ್ಯರು ಬಾಯಿಯ ಒಳಗಿನಿಂದಲೇ ಕೆಳದವಡೆಯನ್ನು ಸೀಳಿ ಸರಿಸುವ ಕ್ರಮವನ್ನು ರೂಪಿಸಿದರು. ಕಾನಹೊಸಹಳ್ಳಿ, ಕೂಡ್ಲಿಗಿ ಕಡೆಯವರಿಗೆ ದಾವಣಗೆರೆಯ ದಂತ ಮಹಾವಿದ್ಯಾಲಯಗಳಲ್ಲಿ ಇದಕ್ಕೆ ಸಂಬಂಧಿಸಿದ ವಿಭಾಗಗಳು ದೊರೆಯುತ್ತವೆ.

ಆದರೆ ಇಂದಿನ ಯುವಜನರು ವೈದ್ಯರಿಗಿಂತ ಮೊದಲು ಯೂಟ್ಯೂಬನ್ನು ಕಾಣುತ್ತಾರೆ. ಅಲ್ಲಿ ಚಿಕಿತ್ಸೆ ಪಡೆದವರೇ ತಮ್ಮ ಮುಖವನ್ನು ದಿನದಿನವೂ ಚಿತ್ರೀಕರಿಸಿ ಹಾಕಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ನೋವು, ಹಸಿವು, ನಿದ್ರೆಗೇಡು ಇವನ್ನು ಅನುಭವಿಸಿದವರಷ್ಟು ಚೆನ್ನಾಗಿ ವೈದ್ಯರೂ ಹೇಳಲಾರರು. ತೊಡಕು ಬೇರೆಡೆಯಿದೆ. ಬಾವು ಮೊದಲ ಎರಡು ಮೂರು ದಿನಗಳಲ್ಲಿ ಅತಿಯಾಗಿರುತ್ತದೆ; ಆ ದಿನದ ವಿಡಿಯೋ ಕಂಡವರು ಬೆದರಿ, ಅಗತ್ಯವಾದ ಚಿಕಿತ್ಸೆಯನ್ನೇ ಬಿಟ್ಟುಬಿಡಬಹುದು. ಇನ್ನೊಬ್ಬರು 'ಮೊದಲು' ಮತ್ತು 'ನಂತರ' ಎಂಬ ಎರಡೇ ಚಿತ್ರ ಕಂಡು ಮರುಳಾಗಬಹುದು. ನಡುವಿನ ಕಾಲ ಅದರಲ್ಲಿ ಕಾಣದು. ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ವರ್ಷ, ಒಂದೂವರೆ ವರ್ಷ ತಂತಿ ಧರಿಸಬೇಕು. ಆಮೇಲೆ ಸುಮಾರು ಆರು ವಾರ ಗಂಜಿ, ಅಂಬಲಿ, ಮೆತ್ತನೆಯ ಅನ್ನವೇ ಗತಿ. ಕೊಟ್ಟೂರಿನ ತೇರಿಗೆ ಮುನ್ನ ಮಾಡಿಸಿಕೊಂಡವರು ಮಂಡಕ್ಕಿ ಮಿರ್ಚಿಯ ಆಸೆಯನ್ನು ಆ ವರ್ಷಕ್ಕೆ ಬಿಡಬೇಕಾದೀತು!

ಎಲ್ಲಕ್ಕಿಂತ ಮುಖ್ಯವಾದುದು ಕೆಳತುಟಿಯ ಜೋಮು. ಕೆಳದವಡೆಯ ಎಲುಬಿನೊಳಗೆ ಹಾಯುವ ನರವೇ ತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ನೀಡುತ್ತದೆ. ಅದು ಎಳೆದಂತಾದಾಗ ಜೋಮು ಬರುತ್ತದೆ. ಬಹುಪಾಲು ಜನರಲ್ಲಿ ವಾರಗಳಲ್ಲಿ, ಇಲ್ಲವೆ ತಿಂಗಳುಗಳಲ್ಲಿ ಕಡಿಮೆಯಾದರೂ ಕೆಲವರಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಮೂರನೆಯ ವಾರದಲ್ಲಿ ತೆಗೆದ ವಿಡಿಯೋ ಇದನ್ನು ಹೇಗೆ ತಾನೇ ತಿಳಿಸೀತು?

ಆರೋಗ್ಯ ಮಾಹಿತಿಯನ್ನು ತೂಗಲು 'ಡಿಸ್ಕರ್ನ್' ಎಂಬ 16 ಪ್ರಶ್ನೆಗಳ ಅಳತೆಗೋಲು 1999ರಿಂದ ಬಳಕೆಯಲ್ಲಿದೆ. ಮಾಹಿತಿಯ ಮೂಲ ಯಾವುದು, ಅಪಾಯಗಳೇನು, ಚಿಕಿತ್ಸೆ ಪಡೆಯದಿದ್ದರೆ ಏನಾದೀತು, ಬೇರೆ ದಾರಿಗಳಿವೆಯೇ ಎಂದು ಅದು ಕೇಳುತ್ತದೆ. ದವಡೆಯ ವಿಡಿಯೋಗಳನ್ನು ಪರೀಕ್ಷಿಸಿದ ಸಂಶೋಧಕರು ಒಟ್ಟಾರೆ ಗುಣಮಟ್ಟ ಸಾಲದೆಂದೇ ಹೇಳಿದ್ದಾರೆ. ಲಕ್ಷ ಜನ ನೋಡಿದ್ದಾರೆಂಬುದು ಇಲ್ಲಿ ಪ್ರಮಾಣವಾಗದು.

ಮಗಳ ಮದುವೆಯ ಮಾತು ಬರುವ ಮುನ್ನ ಮುಗಿಸಿಬಿಡೋಣವೆಂದು ಅವಸರಪಡುವ ತಂದೆತಾಯಿಗಳು ಒಂದನ್ನು ಗಮನಿಸಬೇಕು. ದವಡೆಯ ಬೆಳವಣಿಗೆ ನಿಲ್ಲುವ ಮುನ್ನ ಮಾಡಿಸಿದರೆ ದೋಷ ಮರಳಬಹುದು. ಮನಸ್ಸಿನಲ್ಲಿ ನಿಂತ ವಿಡಿಯೋವನ್ನು ವೈದ್ಯರಿಗೇ ತೋರಿಸಿ, 'ನನ್ನ ದವಡೆಗೆ ಇದರಲ್ಲಿ ಯಾವುದು ಅನ್ವಯಿಸುತ್ತದೆ? ತುಟಿಯ ಜೋಮು ಉಳಿಯುವ ಸಂಭವ ಎಷ್ಟು?' ಎಂದು ಸಂಕೋಚವಿಲ್ಲದೆ ಕೇಳಿರಿ.