ಡೋರಿಯ ಮರೆವು

ಕಡಲಿನಲ್ಲಿ ಮಗನನ್ನು ಕಳೆದುಕೊಂಡ ತಂದೆಮೀನೊಂದು ದಿಕ್ಕುಗಾಣದೆ ಅಲೆಯುತ್ತಿದೆ. ಆಗ ಎದುರಾದ ನೀಲಿ ಮೀನೊಂದು, ದೋಣಿ ಹೋದ ದಾರಿಯನ್ನು ತಾನು ಬಲ್ಲೆನೆಂದು ಹೇಳಿ ಮುಂದಾಗಿ ಈಜತೊಡಗುತ್ತದೆ. ತುಸು ಹೊತ್ತಿನಲ್ಲಿಯೇ ಅದು ಸರ್ರನೆ ಹಿಂದಿರುಗಿ, ಅಪರಿಚಿತನೊಬ್ಬನು ತನ್ನ ಬೆನ್ನು ಹತ್ತಿರುವನೆಂದು ಗದರಿಸುತ್ತದೆ! ೨೦೦೩ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯು ಹೊರತಂದ ‘ಫೈಂಡಿಂಗ್ ನೀಮೋ’ ಎಂಬ ಅನಿಮೇಷನ್ ಚಿತ್ರದ ಈ ದೃಶ್ಯವನ್ನು ಕಂಡು ನಗದವರು ವಿರಳ. ಆ ನೀಲಿ ಮೀನಿನ ಹೆಸರು ಡೋರಿ. ತರಗತಿಯಲ್ಲಿ ಸೂತ್ರವನ್ನು ಮರೆತ ವಿದ್ಯಾರ್ಥಿಯೊಬ್ಬನನ್ನು ಗೆಳೆಯರು ಈ ಹೆಸರಿನಿಂದ ಕರೆದುದನ್ನು ನಾನು ಕೇಳಿದ್ದೇನೆ. ಅವರೊಡನೆ ನಕ್ಕೂ ಇದ್ದೇನೆ. ನಾವು ನಕ್ಕುದು ಯಾವುದನ್ನು ಕಂಡು? ಅಂತಹ ಮರೆವು ನಿಜವಾಗಿ ಉಂಟೆ? ಉಂಟಾದರೆ, ಅದನ್ನು ಹೊತ್ತವರು ಬಾಳುವುದು ಹೇಗೆ?

ಮೀನುಗಳು ಮರೆಗುಳಿಗಳೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ಮೀನಿನ ನೆನಪು ಮೂರೇ ಸೆಕೆಂಡು ಉಳಿಯುವುದೆಂಬ ಮಾತು ಪ್ರಚಾರದಲ್ಲಿದೆ. ಇದಕ್ಕೆ ಆಧಾರವಿಲ್ಲ. ಸಾಲ್ಮನ್ ಮೀನು ತಾನು ಹುಟ್ಟಿದ ಹೊಳೆಯ ವಾಸನೆಯನ್ನು ವರ್ಷಗಟ್ಟಲೆ ನೆನಪಿಟ್ಟುಕೊಂಡು, ಮೊಟ್ಟೆಯಿಡಲು ಕಡಲಿನಿಂದ ಅದೇ ಹೊಳೆಗೆ ಮರಳುತ್ತದೆ. ಡೋರಿಯ ಜಾತಿಯ ಮೀನು—ವಿಜ್ಞಾನಿಗಳು ಇದನ್ನು ಪ್ಯಾರಕ್ಯಾಂತುರಸ್ ಹೆಪಟಸ್ ಎನ್ನುವರು—ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಹವಳದ ದಿಬ್ಬಗಳಲ್ಲಿ ವಾಸಿಸುವ, ಸುಮಾರು ೩೦ ಸೆಂಟಿಮೀಟರ್ ಉದ್ದಕ್ಕೆ ಬೆಳೆಯಬಲ್ಲ ಜೀವಿ. ಅದಕ್ಕೆ ಮರೆವಿನ ರೋಗವೇನೂ ಇಲ್ಲ. ಡೋರಿಯ ಮರೆವು ಮೀನಿನದಲ್ಲ, ಮನುಷ್ಯನದು.

ಮೆದು ಕಬ್ಬಿಣ ಮತ್ತು ಉಕ್ಕು

ನಿಮ್ಮ ಪ್ರಯೋಗಶಾಲೆಯ ಒಂದು ಅನುಭವವನ್ನು ಸ್ಮರಿಸಿಕೊಳ್ಳಿ. ಮೆದು ಕಬ್ಬಿಣದ ಸರಳಿಗೆ ತಂತಿಯನ್ನು ಸುತ್ತಿ ವಿದ್ಯುತ್ತನ್ನು ಹರಿಸಿದರೆ ಅದು ಅಯಸ್ಕಾಂತವಾಗುತ್ತದೆ. ವಿದ್ಯುತ್ತು ನಿಂತೊಡನೆ ಅದರ ಕಾಂತತ್ವ ಬಹುಮಟ್ಟಿಗೆ ಅಳಿಯುತ್ತದೆ. ಉಕ್ಕಿನ ಸರಳಾದರೋ ಅದನ್ನು ಉಳಿಸಿಕೊಳ್ಳುತ್ತದೆ. ನಮ್ಮ ನೆನಪಿಗೂ ಸ್ಥೂಲವಾಗಿ ಇಂತಹ ಎರಡು ಹಂತಗಳುಂಟು. ಈಗತಾನೆ ಕೇಳಿದ ಸಂಖ್ಯೆಯನ್ನು ಮನಸ್ಸಿನಲ್ಲಿ ಹಿಡಿದಿರುವುದು ಅಲ್ಪಕಾಲದ ಸ್ಮೃತಿ. ಗಮನ ಸರಿದೊಡನೆ ಅದು ಜಾರುತ್ತದೆ. ಬಾಲ್ಯದ ಮನೆಯ ನೆನಪು ದೀರ್ಘಕಾಲದ ಸ್ಮೃತಿ. ಮೊದಲನೆಯದರಿಂದ ಎರಡನೆಯದಕ್ಕೆ ಸಂಗತಿಗಳನ್ನು ದಾಟಿಸುವಲ್ಲಿ ಮಿದುಳಿನ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗವು ಮುಖ್ಯ ಪಾತ್ರ ವಹಿಸುತ್ತದೆ. ಗ್ರೀಕ್ ಮೂಲದ ಈ ಹೆಸರಿನ ಅರ್ಥ ‘ಕಡಲಕುದುರೆ’. ಆಕಾರದ ಹೋಲಿಕೆಯಿಂದ ಬಂದದ್ದು.

ಡೋರಿ ತನಗಿರುವುದು ಅಲ್ಪಕಾಲದ ಸ್ಮೃತಿಯ ನಷ್ಟವೆಂದು ಹೇಳಿಕೊಳ್ಳುತ್ತಾಳೆ. ಶಾಸ್ತ್ರದ ದೃಷ್ಟಿಯಿಂದ ಇದು ಸರಿಯಲ್ಲ. ಅವಳು ಸಂಭಾಷಿಸಬಲ್ಲಳು, ಒಂದು ವಾಕ್ಯದ ಮೊದಲನ್ನು ಅದರ ಕೊನೆಯವರೆಗೆ ಹಿಡಿದಿರಬಲ್ಲಳು. ಕೆಟ್ಟಿರುವುದು ದಾಟಿಸುವ ಕೆಲಸ.

ಹೆನ್ರಿಯ ಕಥೆ

ಇದು ನಮಗೆ ತಿಳಿದುಬಂದುದು ಒಬ್ಬ ಮನುಷ್ಯನ ದುರಂತದಿಂದ. ೧೯೨೬ರಲ್ಲಿ ಅಮೆರಿಕದಲ್ಲಿ ಜನಿಸಿದ ಹೆನ್ರಿ ಮೊಲೈಸನ್ನನಿಗೆ ತೀವ್ರವಾದ ಮೂರ್ಛೆರೋಗವಿತ್ತು. ೧೯೫೩ರಲ್ಲಿ ವೈದ್ಯ ವಿಲಿಯಂ ಸ್ಕೋವಿಲ್ ಶಸ್ತ್ರಚಿಕಿತ್ಸೆ ಮಾಡಿ, ಆತನ ಮಿದುಳಿನ ಎರಡೂ ಬದಿಗಳಲ್ಲಿ ಹಿಪ್ಪೊಕ್ಯಾಂಪಸ್ಸಿನ ಮುಂಭಾಗವನ್ನೂ ಸುತ್ತಣ ಕೆಲವು ಭಾಗಗಳನ್ನೂ ತೆಗೆದುಹಾಕಿದರು. ಮೂರ್ಛೆ ಬಹಳ ಕಡಮೆಯಾಯಿತು. ಬುದ್ಧಿಯೂ ಮಾತೂ ಹಳೆಯ ನೆನಪುಗಳೂ ಬಹುಪಾಲು ಉಳಿದುವು. ಆದರೆ ಹೊಸ ಸಂಗತಿಗಳು ಅವನ ಮನಸ್ಸಿನಲ್ಲಿ ನಿಲ್ಲದಾದುವು. ದಶಕಗಳ ಕಾಲ ಅವನನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನ ಪಾಲಿಗೆ ಪ್ರತಿ ಸಲವೂ ಹೊಸಬರೇ.

ಆದರೂ ಅಚ್ಚರಿಯೊಂದು ಕಾದಿತ್ತು. ಕನ್ನಡಿಯಲ್ಲಿ ಮಾತ್ರ ಕಾಣುವ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವಂತೆ ಮಿಲ್ನರ್ ಅವನಿಗೆ ಹೇಳಿದರು. ಮೂರು ದಿನಗಳಲ್ಲಿ ಅವನ ಕೈ ಚೆನ್ನಾಗಿ ಪಳಗಿತು; ಆ ಕೆಲಸವನ್ನು ಹಿಂದೆ ಮಾಡಿದ್ದುದು ಮಾತ್ರ ಅವನಿಗೆ ತಿಳಿಯದು! ಮನಸ್ಸು ಮರೆತುದನ್ನು ಕೈ ಮರೆತಿರಲಿಲ್ಲ. ಕೌಶಲದ ಸ್ಮೃತಿ ಬೇರೆ, ಘಟನೆಯ ಸ್ಮೃತಿ ಬೇರೆ ಎಂಬುದು ಹೀಗೆ ಸ್ಪಷ್ಟವಾಯಿತು. ೨೦೦೮ರಲ್ಲಿ ಹೆನ್ರಿ ನಿಧನನಾದನು.

ಚಿತ್ರವೂ ಸತ್ಯವೂ

೨೦೦೪ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ ಮನೋವಿಜ್ಞಾನಿ ಸ್ಯಾಲಿ ಬ್ಯಾಕ್ಸೆಂಡೇಲ್ ಚಲಚ್ಚಿತ್ರಗಳ ಮರೆವನ್ನು ವಿಮರ್ಶಿಸಿದರು. ತಲೆಗೆ ಪೆಟ್ಟು ಬಿದ್ದು ಹೆಸರನ್ನೇ ಮರೆತು, ಇನ್ನೊಂದು ಪೆಟ್ಟಿನಿಂದ ಎಲ್ಲವನ್ನೂ ಮರಳಿ ಪಡೆಯುವ ನಾಯಕರ ನಡುವೆ, ಅವರಿಗೆ ಸತ್ಯಕ್ಕೆ ಸಮೀಪವಾಗಿ ಕಂಡ ಕೆಲವೇ ಪಾತ್ರಗಳಲ್ಲಿ ಡೋರಿಯೂ ಒಬ್ಬಳು. ಹೆಸರು ನಿಲ್ಲದಿರುವುದು, ಹೊರಟ ಕಾರ್ಯ ಮರೆಯುವುದು, ಜೊತೆಗಾರರು ಬೇಸರಗೊಳ್ಳುವುದು, ಒಂಟಿಯಾದಾಗ ದಾರಿ ತಪ್ಪುವುದು—ಇವೆಲ್ಲವೂ ನಿಜವಾದ ರೋಗಿಗಳ ಪಾಡು. ‘ಸಿಡ್ನಿ’ ಎಂಬ ಒಂದು ಪದವನ್ನು ಓದಿದೊಡನೆ ನೆನಪುಗಳು ಪ್ರವಾಹದಂತೆ ಮರಳುವುದು ಮಾತ್ರ ಚಿತ್ರಕಥೆಯ ಸ್ವಾತಂತ್ರ್ಯ. ದಾಖಲಾಗದುದು ಮರಳಲಾರದು.

ಹಾಗಾದರೆ ಡೋರಿ ಕುಗ್ಗದೆ ಈಜುವುದು ಯಾವ ಬಲದಿಂದ? ಒಂದು, ಪುನರಾವೃತ್ತಿ. ಸಿಡ್ನಿಯ ವಿಳಾಸವನ್ನು ಅವಳು ಹಾಡಿನಂತೆ ಜಪಿಸುತ್ತಾಳೆ. ಹೆನ್ರಿಯೂ ಒಮ್ಮೆ ೫೮೪ ಎಂಬ ಸಂಖ್ಯೆಯನ್ನು ತನ್ನದೇ ಉಪಾಯದಿಂದ ಮತ್ತೆ ಮತ್ತೆ ಕಟ್ಟಿಕೊಂಡು ಹದಿನೈದು ನಿಮಿಷ ಹಿಡಿದಿಟ್ಟಿದ್ದನು. ಎರಡು, ಅಭ್ಯಾಸ, ಅದು ಕೈಯ ನೆನಪು. ಮೂರನೆಯದು ಪರರ ಆಸರೆ. ೨೦೧೬ರ ‘ಫೈಂಡಿಂಗ್ ಡೋರಿ’ಯಲ್ಲಿ, ಕಳೆದುಹೋದ ಮಗಳು ಎಂದಾದರೂ ದಾರಿ ಕಂಡು ಬರಲೆಂದು ತಾಯಿತಂದೆಗಳು ವರ್ಷಗಳ ಕಾಲ ಮನೆಯಿಂದ ಹೊರಮುಖವಾಗಿ ಚಿಪ್ಪುಗಳ ಸಾಲುಗಳನ್ನು ಜೋಡಿಸುತ್ತಾರೆ. ಮಗಳ ಮಿದುಳಿನಲ್ಲಿ ನಿಲ್ಲದ ದಾರಿಯನ್ನು ಅವರು ಕಡಲಿನ ತಳದ ಮೇಲೆ ಬರೆದರು. ಗೋಡೆಯ ಪಂಚಾಂಗ, ಜೇಬಿನ ಚೀಟಿ, ಬಾಗಿಲಿಗೆ ಅಂಟಿಸಿದ ಹೆಸರು—ಮರೆವಿನವರಿಗೆ ಇಂದು ನೆರವಾಗುವ ಉಪಾಯಗಳೂ ಇಂತಹ ಚಿಪ್ಪುಗಳೇ.

ಆಲ್ಜೈಮರ್ ರೋಗವು ಮೊದಮೊದಲು ಆಕ್ರಮಿಸುವ ಭಾಗಗಳಲ್ಲಿ ಹಿಪ್ಪೊಕ್ಯಾಂಪಸ್ಸೂ ಒಂದು. ಆದುದರಿಂದ ನಿಮ್ಮ ಮನೆಯ ಹಿರಿಯರೊಬ್ಬರು ಒಂದೇ ಪ್ರಶ್ನೆಯನ್ನು ಐದನೆಯ ಬಾರಿ ಕೇಳಿದರೆ ಅದು ಹಟವಲ್ಲ, ಅಲಕ್ಷ್ಯವೂ ಅಲ್ಲವೆಂದು ತಿಳಿಯಿರಿ. ಅವರ ಪಾಲಿಗೆ ಅದು ಮೊದಲನೆಯ ಪ್ರಶ್ನೆ. ಐದನೆಯ ಬಾರಿಯೂ ಮೊದಲಿನಷ್ಟೇ ಸೌಮ್ಯವಾಗಿ ಉತ್ತರಿಸಿರಿ. ಅದೂ ಒಂದು ಚಿಪ್ಪು.