ಏಳು ಜನ, ಒಂದು ಬೈಲಾ

ಊರಿನ ಹಳೆಯ ಶಾಲೆಯ ಒಂದು ಕೋಣೆ ಖಾಲಿ ಬಿದ್ದಿದೆ ಎಂದಿಟ್ಟುಕೊಳ್ಳಿ. ಅಲ್ಲೊಂದು ವಾಚನಾಲಯ ಮಾಡೋಣ ಎಂದು ನಾಲ್ಕು ಜನ ಮಾತಾಡಿಕೊಳ್ಳುತ್ತಾರೆ. ಒಬ್ಬರು ಕಪಾಟು ಕೊಡುತ್ತಾರೆ, ಇನ್ನೊಬ್ಬರು ಅಟ್ಟದ ಮೇಲಿದ್ದ ಪುಸ್ತಕ ಹೊತ್ತು ತರುತ್ತಾರೆ, ನಿವೃತ್ತ ಮೇಷ್ಟ್ರು ದಿನಾ ಸಂಜೆ ಬಾಗಿಲು ತೆಗೆಯಲು ಒಪ್ಪುತ್ತಾರೆ. ಆರು ತಿಂಗಳು ಚೆನ್ನಾಗಿಯೇ ನಡೆಯುತ್ತದೆ. ಆಗ ಬೆಂಗಳೂರಿನಲ್ಲಿರುವ ಊರಿನವರೊಬ್ಬರು ಫೋನ್ ಮಾಡಿ, ಇಪ್ಪತ್ತೈದು ಸಾವಿರ ಕೊಡುತ್ತೇನೆ, ಚೆಕ್ ಯಾರ ಹೆಸರಿಗೆ ಬರೆಯಲಿ ಎನ್ನುತ್ತಾರೆ.

ನೋಂದಣಿಯ ಯೋಚನೆ ಶುರುವಾಗಬೇಕಾದದ್ದು ಇಲ್ಲಿ, ಇದಕ್ಕಿಂತ ಮುಂಚೆ ಅಲ್ಲ. ಒಳ್ಳೆಯ ಕೆಲಸ ಮಾಡಲು ಸರ್ಕಾರದ ಅಪ್ಪಣೆ ಬೇಕಿಲ್ಲ. 1984ರಲ್ಲಿ ಮೈಸೂರಿನ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಕೂಡಿ ಕಟ್ಟಿದ್ದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಹೆಗ್ಗಡದೇವನಕೋಟೆ ಸೀಮೆಯ ಅದರ ಆಸ್ಪತ್ರೆ, ಶಾಲೆಗಳೆಲ್ಲ ಆಮೇಲೆ ಬಂದವು. ಇದಕ್ಕೆ ತಿರುಗುಮುರುಗಾಗಿ, ಲೆಟರ್‌ಹೆಡ್, ಸೀಲು, ಲೋಗೊ ಎಲ್ಲ ಮೊದಲೇ ಸಿದ್ಧವಾಗಿ ಕೆಲಸ ಮಾತ್ರ ಇನ್ನೂ ಶುರುವಾಗದ ಸಂಸ್ಥೆಗಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತವೆ. ಮೊದಲು ಆರು ತಿಂಗಳು ಬಾಗಿಲು ತೆಗೆದು ನೋಡುವುದು ವಾಸಿ.

‘ಲಾಭರಹಿತ’ ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಇಂಥ ಸಂಸ್ಥೆಯ ಕೈಯಲ್ಲಿ ವರ್ಷದ ಕೊನೆಗೆ ದುಡ್ಡು ಉಳಿಯಬಾರದು ಎಂದೇನಿಲ್ಲ, ಉಳಿದರೆ ಒಳ್ಳೆಯದೇ. ಕೆಲಸದವರಿಗೆ ಸಂಬಳ ಕೊಡಬಹುದು, ಶುಲ್ಕ ತೆಗೆದುಕೊಳ್ಳಬಹುದು. ಮಾಡಬಾರದ್ದು ಒಂದೇ: ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವುದು. ಹಾಲಿನ ಡೇರಿಯೂ ಸಂಘವೇ, ವಾಚನಾಲಯವೂ ಸಂಘವೇ, ಎರಡರ ನೋಂದಣಿಯೂ ಸಹಕಾರ ಇಲಾಖೆಯಲ್ಲೇ ಆಗುವುದರಿಂದ ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಆದರೆ ಡೇರಿಯ ಸದಸ್ಯನಿಗೆ ಷೇರಿದೆ, ಬೋನಸ್ ಬರುತ್ತದೆ. ವಾಚನಾಲಯದ ಸದಸ್ಯನಿಗೆ ಬರುವುದು ಸಭೆಯ ಕಾಫಿ ಮಾತ್ರ.

ಕರ್ನಾಟಕದಲ್ಲಿ ಮೂರು ದಾರಿಗಳಿವೆ: ಸಂಘ, ಟ್ರಸ್ಟ್, ಕಂಪನಿ. ಯಾವುದು ಸುಲಭ, ಯಾವುದಕ್ಕೆ ಖರ್ಚು ಕಮ್ಮಿ ಎಂದೇ ಎಲ್ಲರೂ ಕೇಳುತ್ತಾರೆ. ನನ್ನ ಮಟ್ಟಿಗೆ ಕೇಳಬೇಕಾದದ್ದು ಬೇರೆ. ನಾಳೆ ಜಗಳವಾದರೆ ಯಾರು ಯಾರನ್ನು ಕುರ್ಚಿಯಿಂದ ಇಳಿಸಬಹುದು? ಮೂರು ದಾರಿಗಳೂ ಈ ಪ್ರಶ್ನೆಗೆ ಕೊಡುವ ಮೂರು ಉತ್ತರಗಳು.

ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಕನಿಷ್ಠ ಏಳು ಜನ ಬೇಕು. ಜ್ಞಾಪನಾ ಪತ್ರ ಮತ್ತು ನಿಯಮಾವಳಿ (ಬಾಯಿಮಾತಿನಲ್ಲಿ ಎರಡೂ ಸೇರಿ ‘ಬೈಲಾ’) ಬರೆದು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇಲ್ಲಿ ಒಡೆತನ ಸರ್ವ ಸದಸ್ಯರ ಸಭೆಯದು. ವರ್ಷಕ್ಕೊಮ್ಮೆ ಸಭೆ ಸೇರುತ್ತದೆ, ಲೆಕ್ಕ ಕೇಳುತ್ತದೆ, ಚುನಾವಣೆ ಬಂದಾಗ ಕಾರ್ಯದರ್ಶಿಯನ್ನು ಮನೆಗೂ ಕಳಿಸುತ್ತದೆ. ಸಂಘ ಕಟ್ಟಿದವರೇ ಸೋತು ಹೊರಗೆ ನಿಲ್ಲಬೇಕಾದ ಪ್ರಸಂಗ ಬರಬಹುದು. ಇದು ಸಂಘದ ದೋಷ ಎಂದು ಹಲವರು ಹೇಳುತ್ತಾರೆ. ನನಗೆ ಅದೇ ಅದರ ಗುಣ ಎನಿಸುತ್ತದೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿತು. ಕಟ್ಟಿದ ತಲೆಮಾರು ಹೋಗಿ ಎಷ್ಟೋ ಕಾಲವಾಯಿತು, ಸಂಘ ಇದೆ, ಅದರ ಚುನಾವಣೆಯ ಬಿಸಿಯೂ ಇದೆ.

ಟ್ರಸ್ಟ್ ಹಾಗಲ್ಲ. ಯಾರೋ ಒಬ್ಬರು ಇಷ್ಟು ಹಣವನ್ನೋ ಆಸ್ತಿಯನ್ನೋ ಈ ಕೆಲಸಕ್ಕೆಂದು ಬಿಟ್ಟುಕೊಟ್ಟು, ಅದನ್ನು ನೋಡಿಕೊಳ್ಳುವ ಟ್ರಸ್ಟಿಗಳನ್ನು ಹೆಸರಿಸಿ ಪತ್ರ ಬರೆಸುತ್ತಾರೆ. ಛಾಪಾ ಶುಲ್ಕ ಕಟ್ಟಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಮುಗಿಯಿತು. ಮತದಾರರೂ ಇಲ್ಲ, ಮಹಾಸಭೆಯೂ ಇಲ್ಲ. ಪತ್ರದಲ್ಲಿ ‘ಆಜೀವ ಟ್ರಸ್ಟಿ’ ಎಂದು ಬರೆಸಿಕೊಂಡವರನ್ನು ಅಲುಗಾಡಿಸುವುದು ಕಷ್ಟ. ಮಹಾರಾಷ್ಟ್ರ, ಗುಜರಾತುಗಳಲ್ಲಿ ಸಾರ್ವಜನಿಕ ಟ್ರಸ್ಟುಗಳ ಮೇಲೆ ಕಣ್ಣಿಡಲು ಚಾರಿಟಿ ಕಮಿಷನರ್ ಇದ್ದಾರೆ, ನಮ್ಮಲ್ಲಿ ಆ ಹುದ್ದೆಯೇ ಇಲ್ಲ. ಟ್ರಸ್ಟ್ ಹಳಿ ತಪ್ಪಿದರೆ, ಅದರಲ್ಲಿ ಹಿತಾಸಕ್ತಿಯಿರುವ ಇಬ್ಬರಾದರೂ ನ್ಯಾಯಾಲಯದ ಅನುಮತಿ ಪಡೆದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ದಾವೆ ಹೂಡಬೇಕು. ಅಷ್ಟು ದೂರ ಹೋಗುವವರು ಯಾರು? ಇನ್ನೊಂದು ಮಾತು. ಎಷ್ಟೋ ಬೋರ್ಡುಗಳ ಮೇಲೆ ‘1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿ ನೋಂದಾಯಿತ’ ಎಂದು ಬರೆದಿರುತ್ತದೆ. ಆ ಕಾಯ್ದೆ ಇರುವುದು ಖಾಸಗಿ ಟ್ರಸ್ಟುಗಳಿಗೆ, ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳನ್ನು ಅದು ಮೊದಲ ಸೆಕ್ಷನ್‌ನಲ್ಲೇ ಹೊರಗಿಟ್ಟಿದೆ. ಬೋರ್ಡು ಬರೆದವರನ್ನು ದೂರಬೇಕಿಲ್ಲ, ಪಕ್ಕದ ಬೋರ್ಡು ನೋಡಿ ಬರೆದಿರುತ್ತಾರೆ.

ಮೂರನೆಯದು 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನ ಕಂಪನಿ. ಇಬ್ಬರಿದ್ದರೂ ಸಾಕು. ಲಾಭಾಂಶ ಹಂಚುವಂತಿಲ್ಲ, ಹೆಸರಿನ ಕೊನೆಗೆ ‘ಲಿಮಿಟೆಡ್’ ಹಾಕಬೇಕಿಲ್ಲ. ನಿರ್ದೇಶಕರನ್ನು ಸದಸ್ಯರು ಇಳಿಸಬಹುದು, ನಿಯಮಗಳೂ ಸ್ಪಷ್ಟ. ಆದರೆ ವರ್ಷವರ್ಷವೂ ಸಲ್ಲಿಸಬೇಕಾದ ಕಾಗದಪತ್ರಕ್ಕೆ ಲೆಕ್ಕಿಗರೊಬ್ಬರನ್ನು ಹಿಡಿದೇ ಇರಬೇಕು. ಊರಿನ ವಾಚನಾಲಯಕ್ಕೆ ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ನಮ್ಮ ವಾಚನಾಲಯದವರು ಸಂಘವನ್ನೇ ಆರಿಸಿಕೊಂಡರು ಅನ್ನೋಣ. ನಾಲ್ವರು ಏಳಾಗಬೇಕು. ಹೆಂಡತಿ, ತಮ್ಮ, ಭಾವಮೈದ ಎಂದು ಸಹಿಗೆ ಮನೆಯವರನ್ನೇ ಸೇರಿಸುವ ಚಾಳಿ ಉಂಟು. ಹಾಗೆ ಹುಟ್ಟಿದ ಸಂಘ ಹೆಸರಿಗೆ ಸಂಘ, ಒಳಗೆ ಕುಟುಂಬ. ಬದಲು ದಿನಾ ಪೇಪರ್ ಓದಲು ಬರುವವರಲ್ಲೇ ಮೂವರನ್ನು ಕೇಳಬಹುದು. ಅವರಲ್ಲೊಬ್ಬರು ಎಲ್ಲದಕ್ಕೂ ತಕರಾರು ತೆಗೆಯುವವರಾಗಿದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಬೈಲಾ. ಪೇಟೆಯಲ್ಲಿ ಟೈಪಿಂಗ್ ಅಂಗಡಿಯವರ ಬಳಿ ಸಿದ್ಧ ಪ್ರತಿ ಇರುತ್ತದೆ, ಹೆಸರು ಬದಲಿಸಿದರೆ ಆಯಿತು. ಅದನ್ನು ಓದದೆ ಸಹಿ ಹಾಕಿದವರು ಮುಂದೆ ವಕೀಲರ ಮುಂದೆ ಕೂತು ಮೊದಲ ಸಲ ಓದುತ್ತಾರೆ. ಕೂತು ಚರ್ಚಿಸಬೇಕಾದ ಕಲಮುಗಳು ಬಹಳ ಇಲ್ಲ. ಮೊದಲನೆಯದು ಧ್ಯೇಯೋದ್ದೇಶ. ಸಂಘದ ದುಡ್ಡು ಅದನ್ನು ದಾಟಿ ಖರ್ಚಾಗುವಂತಿಲ್ಲ, ಆದ್ದರಿಂದ ತೀರಾ ಬಿಗಿಯಾಗಿಯೂ ಬರೆಯಬಾರದು. 1949ರಲ್ಲಿ ಹೆಗ್ಗೋಡಿನ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಶುರುವಾದಾಗ ಅದು ಊರಿನವರ ನಾಟಕದ ತಂಡ. ಮುಂದೆ 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ ‘ತಿರುಗಾಟ’ ಬಂದವು. ಸಂಘ ಎಲ್ಲಿಗೆ ಬೆಳೆದೀತು ಎಂದು ಮೊದಲ ದಿನ ಯಾರಿಗೂ ಹೇಳಲಾಗದು. ಹಾಗೆಂದು ಗೋಶಾಲೆಯಿಂದ ಕಂಪ್ಯೂಟರ್ ತರಬೇತಿಯವರೆಗೆ ನಲವತ್ತು ಉದ್ದೇಶ ತುಂಬಿಸುವುದೂ ಬೇಡ.

ಎರಡನೆಯದು ಅವಧಿ ಮತ್ತು ಕೋರಂ. ಪದಾಧಿಕಾರಿ ಎಷ್ಟು ವರ್ಷ, ಎಷ್ಟು ಸಲ? ಸಭೆಗೆ ಎಷ್ಟು ಜನ ಬಂದರೆ ಠರಾವು ಸಿಂಧು? ಕೋರಂ ಹೆಚ್ಚಿಟ್ಟರೆ ಸಭೆಯೇ ಆಗುವುದಿಲ್ಲ, ಕಮ್ಮಿ ಇಟ್ಟರೆ ಮಳೆ ಬಂದ ದಿನ ನೋಡಿ ನಾಲ್ವರು ಬೇಕಾದ್ದನ್ನು ಮಾಡಿಕೊಳ್ಳುತ್ತಾರೆ. ಇವೆಲ್ಲ ಸಣ್ಣ ಮಾತೆಂದು ಕಂಡರೆ ಕನ್ನಡ ಸಾಹಿತ್ಯ ಪರಿಷತ್ತನ್ನು ನೋಡಿ. ಅಲ್ಲಿ ಅಧ್ಯಕ್ಷರ ಅವಧಿ ಮೂರು ವರ್ಷವಿದ್ದದ್ದು ಐದಾಯಿತು, ಆದದ್ದು ಬೈಲಾ ತಿದ್ದುಪಡಿಯಿಂದ. ಅಧಿಕಾರ ಇರುವುದು ಭಾಷಣದಲ್ಲಲ್ಲ, ಆ ಕಲಮುಗಳಲ್ಲಿ. ಮೂರನೆಯದು ಸದಸ್ಯತ್ವ. ಊರಿನ ಯಾರು ಬೇಕಾದರೂ ಸೇರಬಹುದೆ, ಇಲ್ಲ ಆಡಳಿತ ಮಂಡಳಿ ಒಪ್ಪಿದವರು ಮಾತ್ರವೆ? ಬಾಗಿಲು ಮುಚ್ಚಿದರೆ ಸಂಘ ಮೆಲ್ಲಗೆ ಟ್ರಸ್ಟ್ ಆಗುತ್ತದೆ. ತೀರಾ ತೆರೆದಿಟ್ಟರೆ ಚುನಾವಣೆಯ ಹಿಂದಿನ ವಾರ ನೂರು ಜನರ ಶುಲ್ಕ ಒಬ್ಬರೇ ಕಟ್ಟುತ್ತಾರೆ. ಮತದಾನಕ್ಕೆ ಇಷ್ಟು ತಿಂಗಳ ಹಿಂದೆಯೇ ಸದಸ್ಯರಾಗಿರಬೇಕು ಎಂಬ ಒಂದು ಸಾಲು ಅದನ್ನು ತಡೆಯುತ್ತದೆ. ಕೊನೆಗೆ, ಸಂಘ ಮುಚ್ಚಿದರೆ ಕಪಾಟು, ಪುಸ್ತಕ ಯಾರಿಗೆ? ಸದಸ್ಯರಿಗಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ.

ನೋಂದಣಿ ಪತ್ರ ಕೈಗೆ ಬಂದರೆ ಪ್ಯಾನ್, ಅದಾದರೆ ಸಂಘದ ಹೆಸರಿನ ಖಾತೆ, ಇಬ್ಬರ ಸಹಿ. ಬೆಂಗಳೂರಿನವರು ಈಗ ಚೆಕ್ ಬರೆಯಬಹುದು. ಬರೆಯುವಾಗ ‘80ಜಿ ಇದೆಯೇ’ ಎಂದು ಅವರು ಕೇಳಿಯೇ ಕೇಳುತ್ತಾರೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್‌ಗಳ ಸಂಖ್ಯೆ ಬದಲಾದರೂ ಜನರ ಬಾಯಲ್ಲಿ 12ಎ, 80ಜಿ ಹಾಗೇ ಉಳಿದಿವೆ. ಮೊದಲನೆಯದು ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ. ಅದಕ್ಕಾಗಿ ವರ್ಷದ ಆದಾಯದಲ್ಲಿ ಶೇ. 85ರಷ್ಟನ್ನು ಉದ್ದೇಶಕ್ಕೆ ವೆಚ್ಚ ಮಾಡಬೇಕು. ಎರಡನೆಯದು ದಾನಿಗೆ ಸಿಗುವ ರಿಯಾಯಿತಿ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ನಗದಾಗಿ ಎರಡು ಸಾವಿರ ರೂಪಾಯಿ ಮೀರಿ ಕೊಟ್ಟರೆ ಅದೂ ಇಲ್ಲ.

ಊರಿನ ಹುಡುಗರು ಅಮೆರಿಕದಲ್ಲಿದ್ದರೆ ಇನ್ನೊಂದು ಗಂಟು ಬಿಡಿಸಬೇಕು. ಅಲ್ಲಿ ದುಡಿಯುತ್ತಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದವರು ಕೊಟ್ಟರೆ, ಅವರು ಇದೇ ಶಾಲೆಯಲ್ಲಿ ಓದಿದವರಾದರೂ ವಿದೇಶಿ ದೇಣಿಗೆಯೇ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಸಾಮಾನ್ಯವಾಗಿ ಮೂರು ವರ್ಷ ಕೆಲಸ ಮಾಡಿ, ಆ ಅವಧಿಯಲ್ಲಿ ಉದ್ದೇಶಕ್ಕೆ 15 ಲಕ್ಷ ರೂಪಾಯಿಯಾದರೂ ಖರ್ಚು ಮಾಡಿದ ಸಂಸ್ಥೆಗಷ್ಟೇ ಅದು ಸಿಗುತ್ತದೆ. ಸಿಕ್ಕರೂ ಹಣ ಮೊದಲು ಇಳಿಯಬೇಕಾದದ್ದು ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿ ಮುಖ್ಯ ಶಾಖೆಯ ಖಾತೆಗೆ. ವಾಚನಾಲಯದ ಮಟ್ಟಿಗೆ ಉತ್ತರ ಸರಳ: ಪ್ರೀತಿಯಿಂದ ಬೇಡ ಎನ್ನಬೇಕು. ಆ ಹುಡುಗನ ಅಪ್ಪ ಊರಿನಲ್ಲೇ ಇದ್ದಾರೆ ಎಂದು ಬಳಸುದಾರಿ ಹುಡುಕುವವರು ಸಂಘವನ್ನು ತೊಂದರೆಗೆ ಸಿಕ್ಕಿಸುತ್ತಾರೆ.

ಸಂಘಗಳು ಸಾಯುವುದು ಹಗರಣದಿಂದ ಅಲ್ಲ, ಮರೆವಿನಿಂದ. ವಾರ್ಷಿಕ ಮಹಾಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಮೊದಲ ವರ್ಷ ಉತ್ಸಾಹದಿಂದ ಹೋಗುತ್ತದೆ. ಎರಡನೆಯ ವರ್ಷ ಕಾರ್ಯದರ್ಶಿಯ ಮಗಳ ಮದುವೆ. ಮೂರನೆಯ ವರ್ಷ ಯಾರಿಗೂ ನೆನಪಿಲ್ಲ. ಮುಂದೊಂದು ದಿನ ಅನುದಾನಕ್ಕೋ ಕಟ್ಟಡಕ್ಕೋ ಅರ್ಜಿ ಹಾಕುವಾಗ ಹಳೆಯ ವರ್ಷಗಳ ಕಾಗದ ಕೇಳುತ್ತಾರೆ, ಆಗ ನಡಾವಳಿ ಪುಸ್ತಕ ಹುಡುಕಾಟ ಶುರು. ಅದು ಯಾರ ಮನೆಯಲ್ಲಿದೆ, ಅವರು ಈಗ ಯಾವ ಊರಿನಲ್ಲಿದ್ದಾರೆ? ಆದ್ದರಿಂದ ಮೊದಲ ಸಭೆಯ ಮೊದಲ ಠರಾವು ಖಾತೆಗೆ ಯಾರ ಸಹಿ ಎಂಬುದಾದರೆ, ಎರಡನೆಯದು ಇದಾಗಲಿ: ನಡಾವಳಿ ಪುಸ್ತಕ, ರಸೀದಿ ಪುಸ್ತಕ ಎರಡೂ ವಾಚನಾಲಯದ ಕಪಾಟಿನಲ್ಲೇ ಇರತಕ್ಕದ್ದು, ಬೀಗದ ಕೈ ಇಬ್ಬರ ಬಳಿ.